ಸ್ಪಷ್ಟನೆ: ನೆರಳು ಮರ ಇದ್ದರೆ ಕಾಫಿಗೆ ಯುರೋಪಿನಲ್ಲಿ ಅಡ್ಡಿಯಿಲ್ಲ

“ನೆರಳು ಮರಗಳಿರುವ ತೋಟವನ್ನು ಯುರೋಪ್ ಒಕ್ಕೂಟ ಕಾಡೆಂದೇ ಲೆಕ್ಕ ಹಾಕುತ್ತದೆ, ಕಾಫಿ ತಿರಸ್ಕಾರವಾಗುತ್ತದೆ, ಮರ ತೆಗೆಸಿ” ಎಂಬ ಸಂದೇಶ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಒಕ್ಕೂಟದ ಅರಣ್ಯನಾಶ ತಡೆ ನಿಯಮ 2023/1115ರ 2ನೇ ವಿಧಿಯ ಪ್ರಕಾರ, ಮರಗಳ ಕೆಳಗೆ ಬೆಳೆ ತೆಗೆಯುವ ತೋಟ ಕಾಡಲ್ಲ, ಕೃಷಿ ಭೂಮಿ. ನಿಯಮ ಕೇಳುವುದೇ ಬೇರೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದ ಕಾಫಿ ಆಗಿರಬಾರದು. ತೋಟದ ಅಕ್ಷಾಂಶ, ರೇಖಾಂಶವನ್ನು ದಶಮಾಂಶದ ನಂತರ ಆರು ಅಂಕಿಯವರೆಗೆ ಕೊಡಬೇಕು. 4 ಹೆಕ್ಟೇರ್‌ವರೆಗೆ ಒಂದೇ ಬಿಂದು ಸಾಕು. ಮೀರಿದರೆ ಗಡಿಯುದ್ದಕ್ಕೂ ಬಿಂದುಗಳು ಬೇಕು.

ಸ್ಥಳೀಯ ಕಾನೂನು ಪಾಲನೆಯೂ ಷರತ್ತೇ. ಬೀಟೆಯಂಥ ಮರವನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿದರೆ ನಿಜವಾದ ತೊಂದರೆ ಶುರುವಾಗುವುದೇ ಆಗ. ಅತ್ತಿ, ಬಸರಿ ಹೋದರೆ ಮಂಗಟ್ಟೆ ಹಕ್ಕಿಯ ಆಹಾರವೂ ಹೋಯಿತು. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.