ಮಕ್ಕಳ ಆಟಕ್ಕೂ ಆದೇಶದಲ್ಲೊಂದು ಸಾಲಿರಲಿ

ಕೊರೊನಾ ಕಾಲದ ಸರ್ಕಾರಿ ಆದೇಶಗಳನ್ನು ಈಗ ತಿರುವಿ ನೋಡಿದರೆ, ನಾನು ನೆಲೆಸಿರುವ ನೆದರ್‌ಲ್ಯಾಂಡ್ಸ್‌ಗೂ ನನ್ನ ಹುಟ್ಟೂರಿರುವ ಕರ್ನಾಟಕಕ್ಕೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿನ ಆದೇಶಗಳಲ್ಲಿ ಮಕ್ಕಳ ಆಟಕ್ಕೆಂದೇ ಪ್ರತ್ಯೇಕ ಸಾಲುಗಳಿದ್ದವು. ಅಲ್ಲಿ ಮಕ್ಕಳ ಪ್ರಸ್ತಾಪ ಬಂದದ್ದು ಹೆಚ್ಚಾಗಿ ಅವರು ಮನೆಯೊಳಗೇ ಇರಬೇಕೆಂದು ಹೇಳುವುದಕ್ಕೆ.

2020ರ ಮಾರ್ಚ್ ಮಧ್ಯಭಾಗದಲ್ಲಿ ಇಲ್ಲಿಯೂ ಶಾಲೆ, ಕ್ರೀಡಾ ಕ್ಲಬ್‌ಗಳೆಲ್ಲ ಮುಚ್ಚಿದ್ದವು. ಆದರೆ ಏಪ್ರಿಲ್ 29ರಿಂದಲೇ, ಅಂದರೆ ಪ್ರಾಥಮಿಕ ಶಾಲೆಗಳು ಮತ್ತೆ ತೆರೆಯುವುದಕ್ಕೂ ಮೊದಲು, 12 ವರ್ಷದವರೆಗಿನ ಮಕ್ಕಳು ಹಿರಿಯರ ಮೇಲ್ವಿಚಾರಣೆಯಲ್ಲಿ ಬಯಲಿನಲ್ಲಿ ಅಂತರದ ಕಟ್ಟುಪಾಡಿಲ್ಲದೆ ಒಟ್ಟಿಗೆ ಆಡಬಹುದೆಂದೂ, 13ರಿಂದ 18ರವರೆಗಿನವರು ಒಂದೂವರೆ ಮೀಟರ್ ದೂರ ಕಾಯ್ದುಕೊಂಡು ಅಭ್ಯಾಸ ಮಾಡಬಹುದೆಂದೂ ಸರ್ಕಾರ ಅನುಮತಿ ಕೊಟ್ಟಿತು. ಪಂದ್ಯಗಳಿಗೆ ಅವಕಾಶವಿರಲಿಲ್ಲ, ಬಟ್ಟೆ ಬದಲಿಸುವ ಕೋಣೆಗೂ ಕ್ಯಾಂಟೀನಿಗೂ ಬೀಗ ಬಿದ್ದಿತ್ತು. ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿಗೆ ಮಕ್ಕಳು ಆಟದ ಬಟ್ಟೆಯನ್ನು ಮನೆಯಲ್ಲೇ ತೊಟ್ಟು ಸೈಕಲ್ಲಿನಲ್ಲಿ ಬರುತ್ತಿದ್ದರು. ಗೇಟಿನಲ್ಲಿ ಯಾವುದೋ ಮಗುವಿನ ಅಪ್ಪನೊಬ್ಬ ಸ್ಯಾನಿಟೈಸರ್ ಬಾಟಲಿ ಹಿಡಿದು ನಿಂತಿರುತ್ತಿದ್ದ. ಉಳಿದ ತಂದೆತಾಯಂದಿರು ಬೇಲಿಯಾಚೆಯೇ ಉಳಿಯಬೇಕಿತ್ತು. ತಮ್ಮ ಮಗ ಚೆಂಡನ್ನು ಯಾರಿಗೆ ಕೊಡಬೇಕೆಂದು ಹೊರಗಿನಿಂದ ಕೂಗುವವರ ಕಾಟ ತಪ್ಪಿದ್ದರಿಂದ ತರಬೇತುದಾರರಿಗೆ ಅದೊಂದು ಸುಖದ ಕಾಲವೇ ಆಗಿದ್ದಿರಬೇಕು.

ಅತ್ತ ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯಿರುವ ಅಪಾರ್ಟ್‌ಮೆಂಟಿನಲ್ಲಿ ಜೋಕಾಲಿಯ ಸರಪಳಿಗಳನ್ನು ಮೇಲಿನ ಕಂಬಿಗೆ ಸುತ್ತಿ ಹಗ್ಗದಿಂದ ಬಿಗಿದಿದ್ದರು, ಆಟದ ಜಾಗವನ್ನು ಬಳಸುವಂತಿಲ್ಲವೆಂಬ ಚೀಟಿಯನ್ನು ಲಿಫ್ಟಿನೊಳಗೆ ಅಂಟಿಸಿದ್ದರು. ಬೇಸರದ ಸಂಗತಿಯೆಂದರೆ, ಬಯಲಿಗಿಂತ ಹೆಚ್ಚು ಅಪಾಯದ ಜಾಗವಾದ ಆ ಲಿಫ್ಟು ಮಾತ್ರ ದಿನವಿಡೀ ಓಡುತ್ತಿತ್ತು. 10 ವರ್ಷದೊಳಗಿನವರೂ 65 ದಾಟಿದವರೂ ತೀರಾ ಅಗತ್ಯವಿಲ್ಲದೆ ಹೊರಬರಬಾರದೆಂಬ ಕೇಂದ್ರದ ಮಾರ್ಗಸೂಚಿಯಿದ್ದುದರಿಂದ, ಹಿರಿಯರ ವಾಯುವಿಹಾರಕ್ಕೆ ಉದ್ಯಾನಗಳು ತೆರೆದ ಮೇಲೂ ತಂಗಿಯ ಮಗನ ಆಟ ವರಾಂಡ ದಾಟಲಿಲ್ಲ. ಶಾಲೆಯವರು ಆನ್‌ಲೈನಿನಲ್ಲಿ ನಡೆಸುತ್ತಿದ್ದ ಪಿ.ಟಿ. ತರಗತಿಯಲ್ಲಿ ಅವನು ಸೋಫಾಕ್ಕೂ ಟೀಪಾಯಿಗೂ ನಡುವೆ ಸೂರ್ಯನಮಸ್ಕಾರ ಹಾಕುತ್ತಿದ್ದ. ಮೊಬೈಲಿನ ಚೌಕಟ್ಟಿನಲ್ಲಿ ಮೇಷ್ಟರಿಗೆ ಕಾಣುತ್ತಿದ್ದುದು ಅವನ ಕಾಲುಗಳು ಮಾತ್ರ.

ಎರಡೂ ಕಡೆಯ ಪರಿಸ್ಥಿತಿ ಒಂದೇ ಆಗಿರಲಿಲ್ಲವೆಂಬುದನ್ನು ನಾನು ಬಲ್ಲೆ. ಒಂದೇ ಕೋಣೆಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಮಲಗುವ ಮನೆಗಳಲ್ಲಿ ಮಗುವಿನ ಮೂಲಕ ಸೋಂಕು ಹಿರಿಯರಿಗೆ ತಗುಲೀತೆಂಬ ಭಯ ಹುಸಿಯಲ್ಲ. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಆಸ್ಪತ್ರೆಯ ಹಾಸಿಗೆಗೂ ಆಮ್ಲಜನಕಕ್ಕೂ ಜನ ಅಲೆಯುತ್ತಿದ್ದಾಗ ಮಕ್ಕಳ ಆಟದ ಮಾತೆತ್ತುವುದು ಯಾರಿಗೂ ಸಾಧ್ಯವಿರಲಿಲ್ಲ. ನನ್ನ ತಕರಾರು ಆ ತಿಂಗಳುಗಳ ಬಗ್ಗೆ ಅಲ್ಲ. ಅವುಗಳ ಹಿಂದೆ ಮುಂದೆ ಮದುವೆ, ಮಾಲ್, ಚುನಾವಣಾ ಸಭೆಗಳಿಗೆಲ್ಲ ದಾರಿ ಸಿಕ್ಕಿದ ಕಾಲದ ಬಗ್ಗೆ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಗಳು 2021ರ ಅಕ್ಟೋಬರ್ 25ರವರೆಗೂ ತೆರೆಯಲಿಲ್ಲ. ನಗರದ ಬಡ ಬಡಾವಣೆಗಳ ಅನೇಕ ಮಕ್ಕಳ ಪಾಲಿಗೆ ಶಾಲೆಯ ಅಂಗಳವೇ ಏಕೈಕ ಮೈದಾನವಾದ್ದರಿಂದ, ಪಾಠದೊಂದಿಗೆ ಓಟವೂ ಅಷ್ಟು ಕಾಲ ನಿಂತುಹೋಯಿತು. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಪುನರುಚ್ಚರಿಸಿದ್ದು 2020ರ ನವೆಂಬರಿನಲ್ಲಿ, ಸಾಂಕ್ರಾಮಿಕದ ನಡುವೆಯೇ.

ಹಾಗೆಂದು ಇಲ್ಲಿನ ವ್ಯವಸ್ಥೆಯನ್ನು ಕಣ್ಣುಮುಚ್ಚಿ ಹೊಗಳಲಾರೆ. ಕಾಲುವೆಗಳೇ ತುಂಬಿದ ಈ ದೇಶದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಜೀವರಕ್ಷಣೆಯ ಪ್ರಶ್ನೆ. ಆದರೂ 2020ರ ಡಿಸೆಂಬರಿನಲ್ಲಿ ಮುಚ್ಚಿದ ಈಜುಕೊಳಗಳಲ್ಲಿ ಪಾಠ ಮತ್ತೆ ಶುರುವಾದದ್ದು ಮುಂದಿನ ಮಾರ್ಚ್ ಮಧ್ಯದಲ್ಲಿ. ಅಲ್ಲದೆ ಇಲ್ಲಿನ ಆಟದ ದೊಡ್ಡ ಪಾಲು ಕ್ಲಬ್ಬಿನ ಸದಸ್ಯತ್ವಕ್ಕೂ ವೇಳಾಪಟ್ಟಿಗೂ ಅಂಟಿಕೊಂಡಿದೆ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು ಇದ್ದರೆ ಸಾಕೆನ್ನುವ ಲಗೋರಿಗೆ ತರಬೇತುದಾರನೂ ಬೇಡ, ಶುಲ್ಕವೂ ಬೇಡ. ಕುಂಟೆಬಿಲ್ಲೆಯಂತೂ ಸೋಂಕಿನ ಕಾಲಕ್ಕೆ ಹೇಳಿಮಾಡಿಸಿದ ಆಟ: ಆಡುವವರು ಒಮ್ಮೆಗೆ ಒಬ್ಬರೇ, ಉಳಿದವರು ಗೆರೆಯಾಚೆ ದೂರ ನಿಂತು ತಮ್ಮ ಸರದಿ ಕಾಯಬಹುದು. ಒಂದೇ ಬೀದಿಯ ನಾಲ್ಕೈದು ಮಕ್ಕಳು ದಿನವೂ ಅದೇ ಗುಂಪಿನಲ್ಲಿ ಆಡಲು ಬಿಟ್ಟಿದ್ದರೆ ಆಗುತ್ತಿದ್ದ ಅಪಾಯ, ಮುಚ್ಚಿದ ಸಭಾಂಗಣದ ಒಂದು ಮದುವೆಯೂಟದ ಅಪಾಯಕ್ಕಿಂತ ಬಹಳ ಕಡಿಮೆಯೆಂದೇ ನನ್ನ ಎಣಿಕೆ. ಹಳ್ಳಿಗಳಲ್ಲಿ ಹೇಗೂ ಇದು ನಡೆದೇ ಇತ್ತು. ಕಟ್ಟುನಿಟ್ಟಾಗಿ ಒಳಗೆ ಕುಳಿತದ್ದು ಪಟ್ಟಣದ ಮಕ್ಕಳು.

ಇಂಥ ಕಾಲ ಮತ್ತೊಮ್ಮೆ ಬಂದರೆ, ಶಾಲೆ ಮುಚ್ಚುವ ಆದೇಶದಲ್ಲೇ ಅದರ ಅಂಗಳವನ್ನು ಯಾವ ಹೊತ್ತಿಗೆ, ಯಾವ ವಯಸ್ಸಿನ ಎಷ್ಟು ಮಕ್ಕಳಿಗೆ ತೆರೆಯಬೇಕೆಂಬುದನ್ನೂ ಬರೆಯಬೇಕು. ಕ್ಲಬ್ಬಿನ ಗೇಟಿನಲ್ಲಿ ನಿಂತ ಆ ಅಪ್ಪನ ಕೆಲಸವನ್ನು ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಾಡಬಲ್ಲವರು ಈಗಾಗಲೇ ಇದ್ದಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿರುವವರು ಬಹುಮಟ್ಟಿಗೆ ಪೋಷಕರೇ. ಗೇಟಿನ ಬೀಗದ ಕೈಯನ್ನು ಅವರ ವಶಕ್ಕೆ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು ಶಿಕ್ಷಣ ಇಲಾಖೆ ಈಗಲೇ ತೀರ್ಮಾನಿಸಿಡಬಹುದು.