ಬೋರ್ಡ್ ಹೋಗಿಲ್ಲ ಕಣ್ರೀ, ಧೂಳು ಕೂತಿತ್ತು!

"ಅಷ್ಟೆಲ್ಲ ಗೊತ್ತಿದ್ರೆ ನೀವೇ ಒಂದು ಅಂಗಡಿ ಇಟ್ಕೊಳ್ಳಿ ಮೇಡಂ."

ಊಟ ಮಾಡಿದೆ, ಪಾತ್ರೆ ತೊಳೆದೆ, ಮಲಗೋಣ ಅಂದುಕೊಂಡೆ. ಆಗುತ್ತಿಲ್ಲ. ರಿಪೇರಿ ಅಂಗಡಿಯವನ ಆ ಮಾತು ಕಿವಿಯಲ್ಲೇ ಕೂತಿದೆ.

ಕೈಯಲ್ಲಿ ಹಿಡಿದು ಗೇಮ್ ಆಡುವ ನನ್ನ ಕನ್ಸೋಲ್‌ನ ಜಾಯ್‌ಸ್ಟಿಕ್ ಸರಿಹೋಯ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಸರಿಹೋಯ್ತು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. "ಸರಿಹೋಯ್ತಲ್ಲ, ಇನ್ನೇನು, ಬಿಡೇ" ಅಂತಾರೆ ಅಮ್ಮ. ಅಷ್ಟು ಸುಲಭವಾಗಿ ಸರಿಹೋಗಿದ್ದಕ್ಕೇ ನನಗೆ ಜಾಸ್ತಿ ಸಿಟ್ಟು ಬರುತ್ತಿರುವುದು!

ಎಂ.ಜಿ. ರೋಡ್ ಕಡೆಯ ಅಂಗಡಿ. ಹೆಸರು ಹೇಳಲ್ಲ. ತುಮಕೂರಿನವರಿಗೆ ಗೊತ್ತು, ಸಂಜೆ ಹೊತ್ತು ಆ ಕಡೆ ಎಷ್ಟು ಜನ ಇರುತ್ತಾರೆ ಅಂತ. ಕೌಂಟರ್ ಮುಂದೆ ನಿಲ್ಲೋಕೂ ಜಾಗ ಇರಲಿಲ್ಲ. ಕನ್ಸೋಲ್ ಕೊಟ್ಟೆ. ಆತ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಕೇಳಿದ್ದೇ "ಮಗಂದಾ?" ಅಂತ.

"ಅಲ್ಲ, ನಂದೇ."

ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಪಕ್ಕದಲ್ಲಿ ಸೋಲ್ಡರಿಂಗ್ ಮಾಡುತ್ತಿದ್ದ ಹುಡುಗನ ಮುಖ ನೋಡಿದ. ಇಬ್ಬರೂ ನಕ್ಕರು. ಯಾಕೆ? ನನ್ನ ಸಂಬಳದಲ್ಲಿ ನಾನು ತಗೊಂಡಿದ್ದು. ಕೆಲಸ ಮುಗಿಸಿ ಬಂದು ರಾತ್ರಿ ಅರ್ಧ ಗಂಟೆ ಆಡುತ್ತೇನೆ. ಅದರಲ್ಲಿ ನಗೋಕೆ ಏನಿದೆ?

ಆನ್ ಮಾಡಿದ, ಜಾಯ್‌ಸ್ಟಿಕ್ ಕಡ್ಡಿಯನ್ನು ಹಾಗೆ ಹೀಗೆ ಅಲ್ಲಾಡಿಸಿದ. "ಬೋರ್ಡ್ ಹೋಗಿದೆ. ಎರಡೂವರೆ ಸಾವಿರ ಆಗುತ್ತೆ. ಬಿಟ್ಟೋಗಿ, ಬೆಂಗಳೂರಿಗೆ ಕಳಿಸ್ಬೇಕು." ಬಿಚ್ಚಿ ನೋಡಲಿಲ್ಲ. ಮೀಟರ್ ಇಟ್ಟು ನೋಡಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಸಲ ಕ್ಯಾಲಿಬ್ರೇಟ್ ಮಾಡಿಯೂ, ಅಂದರೆ ಕಡ್ಡಿಯ ಅಳತೆ ಮತ್ತೆ ಹೊಂದಿಸಿಯೂ, ನೋಡಲಿಲ್ಲ!

ನಾನು ಮರ್ಯಾದೆಯಾಗಿಯೇ ಹೇಳಿದೆ. "ಎಡಕ್ಕೆ ಬಲಕ್ಕೆ ಹೋಗ್ತಿದೆ, ಕೆಳಗೂ ಹೋಗ್ತಿದೆ. ಬಟನ್ ಎಲ್ಲ ಕೆಲಸ ಮಾಡ್ತಿವೆ. ಮೇಲಕ್ಕೆ ಒತ್ತಿದ್ರೆ ಮಾತ್ರ ಹೋಗಲ್ಲ. ಅದರ ಬುಡದಲ್ಲಿ ಕೊಳೆ ಕೂತಿರ್ಬಹುದು, ಒಂಚೂರು ಕ್ಲೀನ್ ಮಾಡಿ ನೋಡ್ತೀರಾ?" ಅಷ್ಟೇ. ಆಗ ಬಂತು ನೋಡಿ ಆ ಮಾತು. ದೊಡ್ಡ ದನಿಯಲ್ಲಿ. ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳೋಕೆ ಬಂದಿದ್ದವರೂ ನಕ್ಕರು. ಕಿವಿ ಬಿಸಿಯಾಯ್ತು ನನಗೆ. ಬಾಯಿಂದ ಮಾತೇ ಹೊರಡಲಿಲ್ಲ.

ಅದೇ ಹೊತ್ತಿಗೆ ಆ ಟೇಬಲ್ ಮೇಲೆ ಏನಿತ್ತು ಗೊತ್ತಾ? ಐಪಿಎ ಬಾಟಲಿ. ಐಸೊಪ್ರೊಪೈಲ್ ಆಲ್ಕೊಹಾಲ್, ಬೋರ್ಡ್ ಕ್ಲೀನ್ ಮಾಡೋಕೆ ಬಳಸೋದು. ಬಿಳಿ ಪ್ಲಾಸ್ಟಿಕ್ ಬಾಟಲಿ, ಮೇಲೆ ಒತ್ತಿದರೆ ಪುಟ್ಟ ಬಟ್ಟಲಿಗೆ ಒಂಚೂರು ಉಕ್ಕಿ ಬರುತ್ತಲ್ಲ, ಅದು. ಆ ಹುಡುಗ ಬ್ರಷ್ ಅದ್ದಿ ಅದ್ದಿ ಯಾರದೋ ಮೊಬೈಲ್ ಬೋರ್ಡ್ ಉಜ್ಜುತ್ತಿದ್ದ. ನನ್ನ ಕನ್ಸೋಲ್‌ಗೂ ಆ ಬಾಟಲಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಒಂದು ತೊಟ್ಟು ಹಾಕಿ ನೋಡಿದ್ದರೆ ಅವರದ್ದೇನು ಹೋಗುತ್ತಿತ್ತು? ನೂರು ರೂಪಾಯಿ ಕೇಳಿದ್ದರೆ ಸಂತೋಷವಾಗಿ ಕೊಡುತ್ತಿದ್ದೆ. ಇನ್ನೂರು ಕೇಳಿದ್ದರೂ ಕೊಡುತ್ತಿದ್ದೆ.

ಇದೇನು ದೊಡ್ಡ ವಿದ್ಯೆಯಲ್ಲ. ಆ ಕಡ್ಡಿಯ ಕೆಳಗೆ ಎರಡು ಪೊಟೆನ್ಷಿಯೊಮೀಟರ್ ಇರುತ್ತವೆ, ಕಡ್ಡಿ ಎಷ್ಟು ಸರಿಯಿತು ಅಂತ ಅಳೆಯುವ ಪುಟ್ಟ ಭಾಗಗಳು. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಕಾರ್ಬನ್ ಬಳಿದ ಪಟ್ಟಿಯ ಮೇಲೆ ಲೋಹದ ಪುಟ್ಟ ನಾಲಿಗೆ ಓಡಾಡುತ್ತದೆ. ಹಳೇ ರೇಡಿಯೊ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದರೊಳಗೆ ಇದ್ದದ್ದೂ ಇದೇ. ಪಟ್ಟಿಯ ಮೇಲೆ ಧೂಳು ಕೂತರೆ, ಸವೆದ ಕಾರ್ಬನ್ ಪುಡಿ ಸೇರಿಕೊಂಡರೆ, ಆ ಜಾಗದಲ್ಲಿ ನಾಲಿಗೆ ಸರಿಯಾಗಿ ತಾಗುವುದಿಲ್ಲ. ಕನ್ಸೋಲ್‌ಗೆ ನೀವು ಒತ್ತಿದ್ದೇ ಗೊತ್ತಾಗುವುದಿಲ್ಲ. ನಮ್ಮೂರಿನ ಧೂಳಿನಲ್ಲಿ ಇದು ಆಗದೇ ಇದ್ದರೆ ಆಶ್ಚರ್ಯ.

ಇದಕ್ಕೂ ಸಿಟ್ಟು ಬರುತ್ತೆ ನನಗೆ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಅನ್ನೋ ಗೇಮ್ ಕನ್ಸೋಲ್‌ನ ಕಂಟ್ರೋಲರ್‌ನಲ್ಲೇ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದಿಂದ ಕಡ್ಡಿಯ ಜಾಗ ಅಳೆಯುವ ಸೆನ್ಸರ್, ಇತ್ತು. ಒಂದಕ್ಕೊಂದು ತಾಗುವುದೇ ಇಲ್ಲ, ಉಜ್ಜಿ ಸವೆಯುವ ಮಾತೇ ಇಲ್ಲ. ಅಷ್ಟು ವರ್ಷದ ಹಿಂದೆ ಆಗಿದ್ದು ಈಗ ಇಷ್ಟು ದುಡ್ಡು ತಗೊಂಡು ಮಾಡೋಕೆ ಯಾಕೆ ಆಗಲ್ಲ? ಯಾರಾದರೂ ಉತ್ತರ ಕೊಡಿ. ಕಂಪನಿಯವರಾಗಲಿ, ಅಂಗಡಿಯವರಾಗಲಿ, ಈ ಲೈನ್‌ನಲ್ಲಿ ಇರುವ ಯಾರಾದರೂ ಸರಿ. ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ" ಅಂತ ಹೇಗೆ ಹೇಳುತ್ತೀರಿ? ಅದನ್ನಾದರೂ ಹೇಳಿ.

ಹೋಗಲಿ ಬಿಡಿ. ಅವರಿಗೂ ಬಾಡಿಗೆ ಇದೆ, ಹುಡುಗನ ಸಂಬಳ ಇದೆ. ದಿನಾ ನೂರು ಜನರ ಹತ್ತಿರ ಮಾತಾಡಿ ಸಾಕಾಗಿರುತ್ತೆ. 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡೋಣ ಅಂತಲೂ ಯೋಚಿಸಿದೆ. ಮಾಡಿ ಏನಂತ ಹೇಳಲಿ? ನನ್ನಿಂದ ದುಡ್ಡು ತಗೊಂಡಿಲ್ಲ. ನಕ್ಕರು ಅಂತ ದೂರು ಕೊಡೋಕಾಗುತ್ತಾ? 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ, ಅಂದರೆ ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗೆ ಅಂತ, ಸಮಿತಿ ಮಾಡಿತು, ಪೋರ್ಟಲ್ ಕೂಡ ಶುರು ಮಾಡಿತು. ಎಂ.ಜಿ. ರೋಡ್ ಕೌಂಟರ್ ಮುಂದೆ ನಿಂತವಳಿಗೆ ಅದರಿಂದ ಏನಾಯ್ತು? ಆದರೂ ಹೋಗಲಿ.

ಇಲ್ಲ, ಹೋಗಲಿ ಅನ್ನೋಕೆ ಆಗುತ್ತಿಲ್ಲ. ಯಾಕೆ ಅಂದರೆ ನನ್ನ ಹಿಂದೆ ಒಬ್ಬ ಹುಡುಗ ನಿಂತಿದ್ದ. ಸ್ಕೂಲ್ ಯೂನಿಫಾರ್ಮ್‌ನಲ್ಲೇ ಇದ್ದ. ಜೊತೆಗೆ ಅವರಪ್ಪ. ಅವನ ಕೈಯಲ್ಲೂ ಕನ್ಸೋಲ್, ಅವನದ್ದೂ ಜಾಯ್‌ಸ್ಟಿಕ್ಕೇ. "ಒಂದು ಕಡೆ ಹೋಗಲ್ಲ ಅಂಕಲ್" ಅಂದ, ನಾನು ಹೇಳಿದ ಹಾಗೇ. ಅವನಿಗೂ ಅದೇ ಉತ್ತರ, ಬೋರ್ಡ್. ಅವರಪ್ಪ ಒಂದು ಮಾತೂ ಎದುರಾಡಲಿಲ್ಲ. ಜೇಬಿನಿಂದ ಮಡಚಿದ ಐನೂರರ ನೋಟುಗಳನ್ನು ತೆಗೆದು, ಬೆರಳಿಗೆ ಎಂಜಲು ಹಚ್ಚಿ ಎಣಿಸಿ, ಅಡ್ವಾನ್ಸ್ ಕೊಟ್ಟರು. ಆ ಹುಡುಗ ತಲೆ ಬಗ್ಗಿಸಿಕೊಂಡೇ ನಿಂತಿದ್ದ.

ಅವರಿಗೆ ಅಲ್ಲೇ ಹೇಳಬೇಕು ಅಂತಿತ್ತು. ಈಗಷ್ಟೇ ಎಲ್ಲರೂ ನಕ್ಕಿದ್ದರಲ್ಲ, ಗಂಟಲು ಕಟ್ಟಿಕೊಂಡಿತ್ತು.

ಇಲ್ಲಿ ಹೇಳುತ್ತೇನೆ. ಎಲೆಕ್ಟ್ರಾನಿಕ್ ಸಾಮಾನು ಮಾರುವ ಅಂಗಡಿಯಲ್ಲಿ 99% ಐಪಿಎ ಅಂತ ಕೇಳಿ ತಗೊಳ್ಳಿ. ಮೆಡಿಕಲ್‌ನಲ್ಲಿ ಸಿಗುವ 70% ಬೇಡ, ಉಳಿದದ್ದು ನೀರು. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಅಂತೂ ಬೇಡವೇ ಬೇಡ. ಕನ್ಸೋಲ್ ಪೂರ್ತಿ ಆಫ್ ಮಾಡಿ, ಬರೀ ಸ್ಲೀಪ್ ಅಲ್ಲ. ಕಿಟಕಿ ತೆಗೆದಿರಲಿ, ಒಲೆ ಹತ್ತಿರ ಕೂರಬೇಡಿ. ಕಡ್ಡಿಯ ಬುಡದಲ್ಲಿ ತೆಳ್ಳಗಿನ ರಬ್ಬರ್ ಅಂಚು ಇದ್ದರೆ ಟೂತ್‌ಪಿಕ್‌ನಿಂದ ಮೆಲ್ಲಗೆ ಎತ್ತಿ, ಕಿವಿಗೆ ಹಾಕುವ ಬಡ್ಸ್ ಅದ್ದಿ ಒಂದೆರಡು ತೊಟ್ಟು ಒಳಗೆ ಇಳಿಸಿ. ಕಡ್ಡಿಯನ್ನು ಸುತ್ತಲೂ ಚೆನ್ನಾಗಿ ತಿರುಗಿಸಿ, ಎಲ್ಲ ಕಡೆಗೂ ಒತ್ತಿ. ನನ್ನದರಲ್ಲಿ ಬಡ್ಸ್ ತುದಿಗೆ ಕಾಡಿಗೆಯಂಥ ಕಪ್ಪು ಬಂತು. ಪೂರ್ತಿ ಒಣಗಿದ ಮೇಲೆಯೇ ಆನ್ ಮಾಡಿ ಕ್ಯಾಲಿಬ್ರೇಟ್ ಮಾಡಿ. ಕಾರ್ಬನ್ ಪಟ್ಟಿಯೇ ಸವೆದುಹೋಗಿದ್ದರೆ ಇದು ನಿಲ್ಲಲ್ಲ, ತೊಂದರೆ ಮತ್ತೆ ಬರುತ್ತೆ. ಆಗಲೂ ಬದಲಾಯಿಸಬೇಕಾಗಿರುವುದು ಆ ಕಡ್ಡಿಯ ಭಾಗ. ಇಡೀ ಬೋರ್ಡ್ ಅಲ್ಲ.

ಆ ಹುಡುಗನ ಅಪ್ಪ ನಿಮಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇದನ್ನು ತೋರಿಸಿ. ಇನ್ನೂ ಬೆಂಗಳೂರಿಗೆ ಕಳಿಸಿಲ್ಲ ಅಂದರೆ ವಾಪಸ್ ತಗೊಳ್ಳೋಕೆ ಹೇಳಿ. ಕಳಿಸಿಬಿಟ್ಟಿದ್ದರೆ ಬಾಕಿ ಕೊಡುವ ಮುಂಚೆ ಬಿಲ್ ಕೇಳಲಿ, ಬಿಚ್ಚಿ ತೆಗೆದ ಹಳೇ ಬೋರ್ಡನ್ನೂ ಕೈಗೆ ಕೇಳಿ ತಗೊಳ್ಳಲಿ.