ಹತ್ತೊಂಬತ್ತು ಪಾಯಿಂಟ್ ಏಳು

ಮೊನ್ನೆ ಸಂಜೆ ಮಗನ ಡೈರಿ ತೆಗೆದರೆ ಕೆಂಪು ಶಾಯಿ. "ಡೆಸಿಮಲ್ಸ್‌ನಲ್ಲಿ ವೀಕ್. ಪೋಷಕರು ಮನೆಯಲ್ಲಿ ಅಭ್ಯಾಸ ಮಾಡಿಸುವುದು." ಮಾಡಿಸುವುದಂತೆ! ಕುಕ್ಕರ್ ಎರಡನೇ ಸಲ ಕೂಗಿತ್ತು, ಕಾಯಿ ಅರ್ಧ ತುರಿದಿಟ್ಟಿದ್ದೆ. ಪೋಷಕರು ಅನ್ನೋದು ಬಹುವಚನ ಅಂತ ನಾನು ಶಾಲೆಯಲ್ಲಿ ಕಲಿತಿದ್ದೆ. ನಮ್ಮನೆಯಲ್ಲಿ ಮಾತ್ರ ಅದು ಏಕವಚನ, ಸ್ತ್ರೀಲಿಂಗ.

ಕೈ ಒರೆಸಿಕೊಂಡು ಹಾಳೆ ನೋಡಿದೆ. ಮೊದಲನೇ ಲೆಕ್ಕ: 19.4 + 0.3. ಐದನೇ ಕ್ಲಾಸಿನ ನನ್ನ ಸುಪುತ್ರ ಬರೆದ ಉತ್ತರ: 20.1.

"ಇದ್ಯಾವ ಲೆಕ್ಕ ಕಣೋ? ನಾಲ್ಕೂ ಮೂರೂ ಎಷ್ಟು?"

"ಏಳು."

"ಮತ್ತೆ 19.7 ಅಲ್ವಾ?"

ಅವನು ನನ್ನನ್ನು ಪಾಪ ಅನ್ನೋ ಹಾಗೆ ನೋಡಿದ. "19.7 ಅಂತ ಟಿವಿಯಲ್ಲಿ ಯಾವತ್ತಾದ್ರೂ ನೋಡಿದ್ದೀಯಾ ಅಮ್ಮ? ಹತ್ತೊಂಬತ್ತು ಓವರು ನಾಲ್ಕು ಬಾಲು. ಇನ್ನು ಮೂರು ಬಾಲು ಹಾಕಿದರೆ ಇಪ್ಪತ್ತು ಓವರು ಒಂದು ಬಾಲು."

ನಾನೂ ಸುಮ್ನೆ ಬಿಡಲಿಲ್ಲ. "ವೈಡ್ ಹಾಕಿದರೆ ಏಳನೇ ಬಾಲು ಬರುತ್ತಲ್ಲ?" ಅಂದೆ. "ವೈಡ್ ಲೆಕ್ಕಕ್ಕಿಲ್ಲ ಅಮ್ಮ, ಅಷ್ಟೂ ಗೊತ್ತಿಲ್ವಾ" ಅಂತ ತಲೆ ಚಚ್ಚಿಕೊಂಡ. ಡೆಸಿಮಲ್ಸ್‌ನಲ್ಲಿ ಅವನು ವೀಕ್, ಕ್ರಿಕೆಟ್ಟಿನಲ್ಲಿ ನಾನು.

ಕೊನೆಗೆ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದೆ. "ನಿನ್ನ ಓವರನ್ನೇ ತಗೋ. 4.3 ಓವರಿಗೆ 27 ರನ್. ರನ್ ರೇಟ್ ಎಷ್ಟು?" ಅವನು ಒಂದು ಕ್ಷಣವೂ ಯೋಚಿಸದೆ ಆರು ಅಂದ. ನಾನು 27ನ್ನು 4.3ರಿಂದ ಭಾಗಿಸಿ ತೋರಿಸಿದೆ, 6.28. "ನೋಡು, ಮಿಷನ್ ಸುಳ್ಳು ಹೇಳುತ್ತಾ?"

ಅಷ್ಟು ಹೊತ್ತು ಸೋಫಾದಲ್ಲಿ ಮನೆಗೂ ತಮಗೂ ಸಂಬಂಧವೇ ಇಲ್ಲದವರ ಹಾಗಿದ್ದ ನಮ್ಮನೆಯವರಿಗೆ ಆಗ ಜೀವ ಬಂತು. "ಆರೇ ಕಣೇ. ಮೂರು ಬಾಲು ಅಂದರೆ ಅರ್ಧ ಓವರು. ನಾಲ್ಕೂವರೆ ಆರ್ಲಿ ಇಪ್ಪತ್ತೇಳು." ಅರ್ಧ ಕಿಲೋ ತೊಗರಿಬೇಳೆಗೆ ಎಷ್ಟು ಕೊಟ್ಟು ಬಂದೆ ಅಂತ ನೆನಪಿರದ ಮನುಷ್ಯ ಇವರು! ಅಪ್ಪ ಮಗ ಕೈಗೆ ಕೈ ಹೊಡೆದುಕೊಂಡರು.

ನನಗೆ ಕೋಪ ಬಂದಿದ್ದು ಅವರಿಬ್ಬರ ಮೇಲೂ ಅಲ್ಲ. ಓವರಿಗೂ ಬಾಲಿಗೂ ಮಧ್ಯೆ ಚುಕ್ಕಿ ಇಟ್ಟರಲ್ಲ, ಆ ಪುಣ್ಯಾತ್ಮರ ಮೇಲೆ. ಬೇರೆ ಗುರುತೇ ಸಿಗಲಿಲ್ವಾ? ಅಡ್ಡಗೆರೆ ಇತ್ತು, ಕೋಮಾ ಇತ್ತು. ಆರಕ್ಕೆ ಮುಗಿಯೋ ಲೆಕ್ಕಕ್ಕೆ ಹತ್ತರ ಚುಕ್ಕಿ ಯಾಕೆ?

ಕಳೆದ ತಿಂಗಳು ಭಿನ್ನರಾಶಿಯಲ್ಲೂ ಹೀಗೇ ಆಗಿತ್ತು. 1/2 + 1/3 = 2/5 ಅಂತ ಬರೆದಿದ್ದ. ಯಾಕೋ ಅಂದರೆ, "ಒಂದು ಟೆಸ್ಟಲ್ಲಿ ಎರಡಕ್ಕೆ ಒಂದು ಬಂತು, ಇನ್ನೊಂದರಲ್ಲಿ ಮೂರಕ್ಕೆ ಒಂದು. ಒಟ್ಟು ಐದಕ್ಕೆ ಎರಡು. ಮಿಸ್ಸೇ ಹಾಗೆ ಕೂಡಿಸ್ತಾರೆ." ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನಾನು ಅಂಶ, ಛೇದ ಅಂತ ಶುರು ಮಾಡಿದರೆ, "ಛೇದ ಅಂದ್ರೆ ಯಾರನ್ನ ಕಡಿಯೋದು?" ಅಂತಾನೆ.

ಇರಲಿ, ದುಡ್ಡಿನ ದಾರಿ ಹಿಡಿಯೋಣ ಅಂತ, "ನಾಲ್ಕು ರೂಪಾಯಿ ಮೂವತ್ತು ಪೈಸೆ ಅಂದರೆ 4.30" ಅಂದೆ. "ಪೈಸೆ ಎಲ್ಲಿದೆ, ತೋರಿಸು." ಎಲ್ಲಿಂದ ತೋರಿಸಲಿ? ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಯಿತು. ಎಂಟಾಣೆ ಇನ್ನೂ ಇದೆಯಂತೆ, ಅಂಗಡಿಯವರು ಮುಟ್ಟಲ್ಲ.

ಆಣೆ ಅಂದದ್ದೇ ತಡ, ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು. 1957ರ ಏಪ್ರಿಲ್ ಒಂದಕ್ಕೆ ಹೊಸ ಪೈಸೆ ಬಂದಾಗ ಅವರಿಗೆ ಏಳು ವರ್ಷ. "ಹದಿನಾರಾಣೆಗೆ ರೂಪಾಯಿ ಅಂತ ಆಗಷ್ಟೇ ಬಾಯಿಪಾಠ ಆಗಿತ್ತು. ಇನ್ಮೇಲೆ ನೂರು ಪೈಸೆ ಅಂದುಬಿಟ್ಟರು. ಒಂದಾಣೆಗೆ ಆರೂಕಾಲು ಪೈಸೆ ಆಗಬೇಕು, ಆ ಕಾಲು ಪೈಸೆ ಎಲ್ಲಿಂದ ತರೋದು? ಒಂದಾಣೆಗೆ ಆರು, ಮೂರಾಣೆಗೆ ಹತ್ತೊಂಬತ್ತು ಅಂತ ಮಾಡಿದರು. ಆರ್ಮೂರ್ಲಿ ಹದಿನೆಂಟಲ್ವಾ ಅಂತ ನಾನು ಅತ್ತಿದ್ದೆ."

ಮಗ ಪೆನ್ಸಿಲ್ ಕೆಳಗಿಟ್ಟು ಕೇಳುತ್ತಿದ್ದ. "ಆಮೇಲೆ?"

"ನಮ್ಮಪ್ಪ ದಿನಾ ಸಂಜೆ ಲಾಟೀನು ಮುಂದೆ ಕೂರಿಸಿಕೊಂಡು ಅಭ್ಯಾಸ ಮಾಡಿಸೋರು. ಬೈತಿರಲಿಲ್ಲ. ತಪ್ಪಿದರೆ ಜಡೆ ಹಿಡಿದು ಮೆತ್ತಗೆ ಒಂದು ಸಲ ಎಳೆಯೋರು, ಅಷ್ಟೇ." ಅತ್ತೆಯ ಕೈ ತಾನಾಗಿ ಹಿಂದಕ್ಕೆ ಹೋಗಿ, ನೆಲ್ಲಿಕಾಯಿಯಷ್ಟಾಗಿರುವ ಗಂಟನ್ನು ಮುಟ್ಟಿ ಬಂತು. ಮತ್ತೆ ಸೊಪ್ಪಿಗೆ ತಿರುಗಿದರು. ಕುಕ್ಕರ್ ಆಮೇಲೆ ಎಷ್ಟು ಕೂಗಿತೋ, ಯಾರೂ ಎಣಿಸಲಿಲ್ಲ. ಬೇಳೆ ಗಂಜಿಯಾಗಿತ್ತು.

ಊಟ ಆದಮೇಲೆ ಹಟ ಹಿಡಿದು ಕೂರಿಸಿದೆ. ಚುಕ್ಕಿ ಆದಮೇಲೆ ಹತ್ತು ಪಾಲು, ಐದು ಅಂದರೆ ಅರ್ಧ, 1.5 ಅಂದರೆ ಒಂದೂವರೆ. ಇಪ್ಪತ್ತು ಸಲ ಬರೆಸಿದೆ. ಮಾರನೇ ದಿನ ಹತ್ತಕ್ಕೆ ಹತ್ತು ಬಂತು.

ನಿನ್ನೆ ರಾತ್ರಿ ಟಿ20 ಮ್ಯಾಚು. ಗೆಲ್ಲೋಕೆ ಹದಿನೆಂಟು ರನ್ ಬೇಕು, 18.1 ಓವರ್ ಮುಗಿದಿದೆ. ನಮ್ಮನೆಯವರು ಸೋಫಾದ ಅಂಚಿಗೆ ಬಂದು ಕೂತಿದ್ದರು. "ಪರವಾಗಿಲ್ಲ, ಇನ್ನೂ 1.5 ಓವರ್ ಇದೆ."

"ಅಂದ್ರೆ ಒಂದೂವರೆ ಓವರು" ಅಂದ ಮಗ. "ಒಂಬತ್ತೇ ಬಾಲು ಅಪ್ಪ."

"ಹನ್ನೊಂದು ಕಣೋ!"

"ಒಂಬತ್ತು. ಅಮ್ಮ ಇಪ್ಪತ್ತು ಸಲ ಬರೆಸಿದ್ದಾಳೆ."

ಇವರು ಟಿವಿ ಬಿಟ್ಟು ನನ್ನ ಕಡೆ ತಿರುಗಿದರು. ನಾನು ಹಾಲು ಉಕ್ಕುತ್ತಿದೆ ಅಂತ ಎದ್ದು ಒಳಗೆ ಹೋದೆ.